ಸಾಕಿದ ಹಾವಿಗೆ ಹುಷಾರಿಲ್ಲ ಅಂತ ಗೊತ್ತಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ ಇದೆ, ಆಫ್ರಿಕಾದ ಹೆಬ್ಬಾವಿನ ಜಾತಿ. ಹೆಸರು ಗುಂಡ. ಹೆದರಿದಾಗ ತಲೆಯನ್ನು ಒಳಗೆ ಇಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತಾನೆ, ಅದಕ್ಕೇ ಆ ಹೆಸರು. ನಾನಿರುವುದು ಧಾರವಾಡದಲ್ಲಿ. ಈ ಕಡೆ ಹಾವು ಸಾಕಿದವರು ಕಡಿಮೆ. ಆದರೂ ಹುಬ್ಬಳ್ಳಿ, ಗದಗ, ರಾಣೆಬೆನ್ನೂರಿನಿಂದ ಆಗಾಗ ಫೋನ್ ಬರುತ್ತದೆ. "ಅಣ್ಣಾರ, ಹಾವು ಯಾಕೋ ಒಂಥರಾ ಮಾಡಾಕತ್ತೈತಿ, ಏನಾಗೇತಿ?" ಹೆಚ್ಚುಕಡಿಮೆ ಎಲ್ಲರ ಪ್ರಶ್ನೆಯೂ ಇದೇ. ಹಾಗೆ ಕೇಳಿದ್ದನ್ನೆಲ್ಲ ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಹೇಳುವುದಿಲ್ಲ. ಯಾವಾಗ ಕಾಯಬಹುದು, ಯಾವಾಗ ಓಡಬೇಕು ಅನ್ನುವುದನ್ನು ಹೇಳುತ್ತೇನೆ.

ಹೆಚ್ಚಾಗಿ ಬಾಲ್ ಪೈಥಾನ್ ಮತ್ತು ಕಾರ್ನ್ ಸ್ನೇಕ್ ಬಗ್ಗೆಯೇ ಬರೆದಿದ್ದೇನೆ, ಜನ ಸಾಕುವುದು ಅವೆರಡನ್ನೇ ಜಾಸ್ತಿ.

ನಾಯಿ, ಬೆಕ್ಕಿಗೆ ಹುಷಾರಿಲ್ಲದಿದ್ದರೆ ತಕ್ಷಣ ಗೊತ್ತಾಗುತ್ತದೆ. ಹಾವಿನದು ಯಾಕೆ ಗೊತ್ತಾಗಲ್ಲ?

ಹಾವು ನರಳುವುದಿಲ್ಲ, ಕುಂಟುವುದಿಲ್ಲ, ಬಂದು ಕಾಲಿಗೆ ಸುತ್ತಿಕೊಳ್ಳುವುದಿಲ್ಲ. ಕಾಡಿನಲ್ಲಿ ಸುಸ್ತಾಗಿ ಕಂಡ ಪ್ರಾಣಿಯನ್ನು ಹದ್ದು, ಮುಂಗುಸಿ ಬಿಡುತ್ತವಾ? ಅದಕ್ಕೇ ಹಾವು ಕೊನೆಯವರೆಗೂ ಏನೂ ಆಗಿಲ್ಲ ಅನ್ನುವ ಹಾಗೇ ಇರುತ್ತದೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ.

ಹಾಗಾಗಿ ನಿಮ್ಮ ಹಾವು ಚೆನ್ನಾಗಿದ್ದಾಗ ಹೇಗಿರುತ್ತದೆ ಅನ್ನುವುದು ನಿಮಗೆ ಬಾಯಿಪಾಠ ಆಗಿರಬೇಕು. ನನ್ನ ಹತ್ತಿರ ನೂರು ಪುಟದ ಒಂದು ನೋಟ್‌ಬುಕ್ ಇದೆ. ಗುಂಡ ತಿಂದ ದಿನ, ಇಲಿಯ ತೂಕ, ಪೊರೆ ಬಿಟ್ಟ ದಿನ, ಮಲ ಮಾಡಿದ ದಿನ, ತಿಂಗಳಿಗೊಮ್ಮೆ ಅವನ ತೂಕ. ಇಷ್ಟೇ ಬರೆಯುವುದು. ತೂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ, ಅದರೊಳಗೆ ಹಾವನ್ನು ಬಿಟ್ಟರೆ ಮುಗೀತು. ಫೋನ್ ಮಾಡಿದವರಿಗೆ ನಾನು ಕೇಳುವ ಮೊದಲ ಮಾತು "ಹೋದ ತಿಂಗಳು ತೂಕ ಎಷ್ಟಿತ್ತು?" ಹತ್ತರಲ್ಲಿ ಒಂಬತ್ತು ಜನರ ಹತ್ತಿರ ಉತ್ತರ ಇರುವುದಿಲ್ಲ.

ಚೆನ್ನಾಗಿರುವ ಹಾವು ಅಂದರೆ ಹೇಗಿರುತ್ತದೆ?

ಕೈಗೆ ತೆಗೆದುಕೊಂಡರೆ ಮೈಯಲ್ಲಿ ಬಿಗಿ ಗೊತ್ತಾಗುತ್ತದೆ, ಕೈಗೆ ಮೆಲ್ಲಗೆ ಸುತ್ತಿಕೊಂಡು ಹಿಡಿಯುತ್ತದೆ. ಹಗ್ಗದ ಹಾಗೆ ಜೋತು ಬಿದ್ದರೆ ಅದು ಚೆನ್ನಾಗಿಲ್ಲ. ನಾಲಗೆ ಆಗಾಗ ಹೊರಗೆ ಬರುತ್ತದೆ. ಕಣ್ಣು ತಿಳಿ, ಮೂಗಿನ ಹೊಳ್ಳೆ ಒಣ, ಬಾಯಿ ಪೂರ್ತಿ ಮುಚ್ಚಿರುತ್ತದೆ. ಬೆನ್ನೆಲುಬು ಕೈಗೆ ಸಿಗಬೇಕು, ಆದರೆ ಎದ್ದು ಕಾಣಬಾರದು. ಹಂಚಿನ ಮನೆಯ ಮಾಡಿನ ಹಾಗೆ ಎರಡೂ ಕಡೆ ಇಳಿಜಾರಾಗಿ, ನಡುವೆ ಗೆರೆ ಎದ್ದಿದ್ದರೆ ಹಾವು ಸೊರಗಿದೆ ಅಂತ ಅರ್ಥ.

ಬಾಲ್ ಪೈಥಾನ್ ಹಗಲಿಡೀ ಅಡಗುವ ಡಬ್ಬಿಯೊಳಗೆ ಮುದುಡಿಕೊಂಡು ಮಲಗಿದ್ದರೆ ಗಾಬರಿ ಬೇಡ. ಅದು ರಾತ್ರಿಯ ಪ್ರಾಣಿ.

ಎರಡು ತಿಂಗಳಾಯಿತು, ಏನೂ ತಿಂದಿಲ್ಲ. ಸಾಯುತ್ತದಾ?

ಎಲ್ಲಕ್ಕಿಂತ ಜಾಸ್ತಿ ಬರುವ ಫೋನ್ ಇದು, ಅದರಲ್ಲೂ ಡಿಸೆಂಬರ್‌ನಲ್ಲಿ.

ಬಾಲ್ ಪೈಥಾನ್ ಚಳಿಗಾಲದಲ್ಲಿ ಊಟ ಬಿಡುವುದು ಮಾಮೂಲು. ದೊಡ್ಡ ಗಂಡು ಹಾವುಗಳು ತಿಂಗಳುಗಟ್ಟಲೆ ತಿನ್ನದೆ ಇರುತ್ತವೆ, ಆಮೇಲೆ ಒಂದು ದಿನ ಏನೂ ಆಗಿಲ್ಲ ಅನ್ನುವ ಹಾಗೆ ಇಲಿ ಹಿಡಿಯುತ್ತವೆ. ಪೊರೆ ಬಿಡುವ ಮೊದಲೂ ತಿನ್ನುವುದಿಲ್ಲ. ಹೊಸ ಮನೆಗೆ ಬಂದ ಮೊದಲ ಒಂದೆರಡು ವಾರವೂ ತಿನ್ನದೆ ಇರಬಹುದು. ದೊಡ್ಡ ಹಾವು ತಿಂದಿಲ್ಲ, ಆದರೆ ತೂಕ ಇಳಿದಿಲ್ಲ, ನಾಲಗೆ ಆಡಿಸುತ್ತದೆ, ಓಡಾಡುತ್ತದೆ ಅಂದರೆ ಕಾಯಬಹುದು. ತೂಕದಲ್ಲಿ ಹತ್ತನೇ ಒಂದು ಭಾಗ ಇಳಿದರೆ ಕಾಯಬೇಡಿ. ಒಂದು ಕಿಲೋ ಇದ್ದದ್ದು ಒಂಬೈನೂರು ಗ್ರಾಂ ಆಯಿತು ಅಂದರೆ ಡಾಕ್ಟರಿಗೆ ತೋರಿಸಬೇಕು. ಮರಿಗಳಿಗೆ ಇಷ್ಟು ಸಮಯ ಇಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಇರುವುದಿಲ್ಲ. ಹಾಗೇ ಕಾರ್ನ್ ಸ್ನೇಕ್ ತಿನ್ನುವುದರಲ್ಲಿ ಚುರುಕು. ಅದು ಸುಮ್ನೆ ಊಟ ಬಿಟ್ಟರೆ ನನಗೆ ಬೇಗ ಅನುಮಾನ ಬರುತ್ತದೆ.

ಮೊದಲು ಉಷ್ಣತೆ ನೋಡಿ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಹಾವಿರುವ ಪೆಟ್ಟಿಗೆಯ ಬಿಸಿ ಬದಿ 31ರಿಂದ 33 ಡಿಗ್ರಿ, ತಂಪು ಬದಿ 25ರಿಂದ 27 ಇರಬೇಕು. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು, ಬಿಸಿ ಬದಿ 29ರಿಂದ 31, ತಂಪು ಬದಿ 22ರಿಂದ 25 ಸಾಕು. ನಮ್ಮ ಕಡೆ ಡಿಸೆಂಬರ್, ಜನವರಿಯ ಬೆಳಗಿನ ಜಾವ ಹೊರಗೆ 15 ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ಹಾವಿಗೆ ಮೈಯೊಳಗೆ ತನ್ನದೇ ಒಲೆ ಇಲ್ಲ. ಹೊರಗಿನ ಬಿಸಿ ಸಿಗದಿದ್ದರೆ ಹೊಟ್ಟೆಯಲ್ಲಿದ್ದದ್ದು ಕರಗುವುದಿಲ್ಲ, ಆದ್ದರಿಂದ ಅದು ತಿನ್ನುವುದೂ ಇಲ್ಲ. ಪೆಟ್ಟಿಗೆಯ ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್ ನಂಬಬೇಡಿ, ನಾಲ್ಕೈದು ಡಿಗ್ರಿ ತಪ್ಪು ತೋರಿಸುವುದನ್ನು ನಾನೇ ನೋಡಿದ್ದೇನೆ. ವೈರ್ ಇರುವ ಡಿಜಿಟಲ್ ಮೀಟರ್ ತಗೊಳ್ಳಿ, ವೈರಿನ ತುದಿಯನ್ನು ಹಾವು ಮಲಗುವ ಜಾಗದಲ್ಲೇ ಇಡಿ.

ಬಾಯಿ ತೆರೆದು ಬಲವಂತವಾಗಿ ತಿನ್ನಿಸಲು ಹೋಗಬೇಡಿ. ದವಡೆಗೆ ಪೆಟ್ಟಾಗುತ್ತದೆ. ಹೆದರಿದ ಹಾವು ಇನ್ನಷ್ಟು ದಿನ ಊಟ ಬಿಡುತ್ತದೆ.

ನುಂಗಿದ ಇಲಿಯನ್ನು ಮೂರು ದಿನದ ಮೇಲೆ ವಾಪಸ್ ಹೊರಗೆ ಹಾಕಿದೆ. ಏನು ಮಾಡಲಿ?

ತಿಂದ ಎರಡು ದಿನದೊಳಗೆ ಕೈಗೆತ್ತಿಕೊಂಡಿರಾ? ಇಲಿ ಹಾವಿನ ಮೈಯ ದಪ್ಪಕ್ಕಿಂತ ತುಂಬಾ ದೊಡ್ಡದಿತ್ತಾ? ರಾತ್ರಿ ಕರೆಂಟ್ ಹೋಗಿ ಪೆಟ್ಟಿಗೆ ತಣ್ಣಗಾಗಿತ್ತಾ? ಇವುಗಳಲ್ಲಿ ಒಂದಾದರೂ ಹೌದು ಅಂದರೆ ಕಾರಣ ಸಿಕ್ಕಿತು. ತಕ್ಷಣ ಇನ್ನೊಂದು ಇಲಿ ಕೊಡಬೇಡಿ. ಹೊಟ್ಟೆಯ ಆಮ್ಲ ಇಲಿಯ ಜೊತೆ ಹೊರಗೆ ಬಂದಿರುತ್ತದೆ, ಅನ್ನನಾಳ ಉರಿದಿರುತ್ತದೆ. ಹತ್ತರಿಂದ ಹದಿನಾಲ್ಕು ದಿನ ನೀರು ಮಾತ್ರ ಇರಲಿ. ಆಮೇಲೆ ಮೊದಲಿನ ಅರ್ಧದಷ್ಟು ಚಿಕ್ಕ ಇಲಿ ಕೊಡಿ.

ಎರಡನೇ ಸಲವೂ ಹೊರಗೆ ಹಾಕಿದರೆ ಮನೆ ಮದ್ದು ಸಾಕು ಮಾಡಿ ಡಾಕ್ಟರ್ ಹತ್ತಿರ ಹೋಗಿ. ಕಾರ್ನ್ ಸ್ನೇಕ್ ಮತ್ತೆ ಮತ್ತೆ ಹೊರಗೆ ಹಾಕುತ್ತಿದೆ, ಜೊತೆಗೆ ನಡು ಭಾಗದಲ್ಲಿ ಗಟ್ಟಿ ಊತ ಇದೆ ಅಂದರೆ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಇರಬಹುದು. ಅದು ಕೆಟ್ಟ ಕಾಯಿಲೆ, ಬೇರೆ ಹಾವಿಗೂ ಹರಡುತ್ತದೆ. ಆ ಹಾವನ್ನು ಕೂಡಲೇ ಬೇರೆ ಮಾಡಿ.

ಇನ್ನೊಂದು ಮಾತು. ಹೊಲದಲ್ಲಿ, ಕಿರಾಣಿ ಗೋದಾಮಿನಲ್ಲಿ ಹಿಡಿದ ಇಲಿಯನ್ನು ಯಾವತ್ತೂ ಕೊಡಬೇಡಿ. ಅದು ಇಲಿ ಪಾಷಾಣ ತಿಂದಿರಬಹುದು, ಹೊಟ್ಟೆಯಲ್ಲಿ ಹುಳ ಇರಬಹುದು. ಜೀವಂತ ಇಲಿಯೂ ಬೇಡ. ಹಾವು ಹಿಡಿಯದೆ ಬಿಟ್ಟರೆ ಇಲಿಯೇ ಹಾವಿನ ಬೆನ್ನು ಕಚ್ಚಿ ತಿನ್ನುತ್ತದೆ, ಆ ಗಾಯ ವಾಸಿಯಾಗಲು ತಿಂಗಳುಗಳು ಬೇಕು. ಫ್ರೀಜ್ ಮಾಡಿದ ಇಲಿಯನ್ನು ಪೂರ್ತಿ ಕರಗಿಸಿ, ಬೆಚ್ಚಗೆ ಮಾಡಿ ಕೊಡಿ.

ಉಸಿರಾಡುವಾಗ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ನೆಗಡಿಯಾ?

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಗುಂಡನನ್ನು ನಾನು ಕಳೆದುಕೊಳ್ಳುವ ಹಾಗಾಗಿದ್ದು ಇದರಿಂದಲೇ.

ಒಂದು ಡಿಸೆಂಬರ್‌ನಲ್ಲಿ ನಾವು ಮದುವೆಗೆ ಅಂತ ಹಾವೇರಿಗೆ ಹೋಗಿದ್ದೆವು. ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಮರುದಿನ ಬಂದು ನೋಡಿದರೆ ಪೆಟ್ಟಿಗೆಯೊಳಗೆ 19 ಡಿಗ್ರಿ. ಬಿಸಿ ಮಾಡಿದೆ, ಸರಿಹೋಯಿತು ಅಂದುಕೊಂಡೆ. ಮೂರು ದಿನದ ಮೇಲೆ ರಾತ್ರಿ ಲೈಟ್ ಆರಿಸಿದಾಗ ಪೆಟ್ಟಿಗೆಯಿಂದ ಸಣ್ಣ ಸದ್ದು, ಒದ್ದೆ ಕಟ್ಟಿಗೆ ಉರಿಯುವಾಗ ಚಿಟಚಿಟ ಅನ್ನುತ್ತದಲ್ಲ, ಹಾಗೆ. ಪೊರೆ ಬಿಡುವ ಮೊದಲು ಹೊಳ್ಳೆಯ ಚರ್ಮ ಸಡಿಲಾಗಿ ಕೆಲವು ಹಾವು ಸೀಟಿ ಹೊಡೆದ ಹಾಗೆ ಉಸಿರಾಡುತ್ತವೆ, ಇದೂ ಅದೇ ಇರಬೇಕು ಅಂತ ಐದು ದಿನ ಬಿಟ್ಟೆ. ಆರನೇ ದಿನ ಟಾರ್ಚ್ ಹಾಕಿ ನೋಡಿದೆ. ಎಡ ಹೊಳ್ಳೆಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಗುಳ್ಳೆ. ಉಸಿರು ಬಿಟ್ಟಾಗ ಉಬ್ಬುತ್ತಿತ್ತು, ಎಳೆದುಕೊಂಡಾಗ ಕುಗ್ಗುತ್ತಿತ್ತು. ತಲೆಯನ್ನು ಗಾಜಿಗೆ ಒರಗಿಸಿ ಮೇಲಕ್ಕೆ ಎತ್ತಿಕೊಂಡು ಕೂತಿದ್ದ. ಆ ಐದು ದಿನದ ಬಗ್ಗೆ ಇವತ್ತಿಗೂ ನನಗೆ ಬೇಜಾರಿದೆ.

ಹಾವಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಇಲ್ಲ. ಕೆಮ್ಮಿ ಕಫ ಹೊರಗೆ ಹಾಕಲು ಆಗುವುದಿಲ್ಲ. ಒಳಗೆ ಸೇರಿದ ಸಿಂಬಳ ಅಲ್ಲೇ ಉಳಿದು ನ್ಯುಮೋನಿಯಾ ಆಗುತ್ತದೆ. ತಲೆ ಮೇಲೆತ್ತುವುದು, ಬಾಯಿ ತೆರೆದು ಉಸಿರಾಡುವುದು, ಬಾಯಿಯ ಅಂಚಿನಲ್ಲಿ ನೊರೆ, ಅಂಟು ಅಂಟಾದ ಜೊಲ್ಲು, ಇವೆಲ್ಲ ಉಸಿರಿಗೆ ಒದ್ದಾಡುತ್ತಿರುವ ಗುರುತು. ಊಟ ಆದ ಮೇಲೆ ಒಂದೆರಡು ಸಲ ಬಾಯಿ ಅಗಲಿಸಿ ದವಡೆ ಸರಿ ಮಾಡಿಕೊಳ್ಳುತ್ತದೆ, ಅದು ಮಾಮೂಲು. ಊಟವಿಲ್ಲದೆ ಮತ್ತೆ ಮತ್ತೆ ಆಕಳಿಸಿದ ಹಾಗೆ ಮಾಡಿದರೆ ಮಾಮೂಲಲ್ಲ.

ನಾವು ತೋರಿಸಿದ ಡಾಕ್ಟರ್ ಜಾಸ್ತಿ ನೋಡುವುದು ನಾಯಿ, ದನ. ಹಾವು ನೋಡಿ ಅಷ್ಟು ರೂಢಿ ಇಲ್ಲ ಅಂತ ನೇರವಾಗಿ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ, ಹಾವು ನೋಡುವ ಬೆಂಗಳೂರಿನ ಡಾಕ್ಟರಿಗೆ ಫೋನ್ ಹಚ್ಚಿ, ನಾನು ಮಾಡಿದ್ದ ವಿಡಿಯೋ ಕಳಿಸಿ, ತೂಕ ನೋಡಿ ಔಷಧಿ ಲೆಕ್ಕ ಹಾಕಿದರು. ಮೂರು ದಿನಕ್ಕೊಮ್ಮೆ ಇಂಜೆಕ್ಷನ್, ಮೈಯ ಮುಂಭಾಗದಲ್ಲಿ. ಹಾವಿನ ಮೈಯಲ್ಲಿ ಔಷಧಿ ನಿಧಾನವಾಗಿ ಖರ್ಚಾಗುತ್ತದೆ, ದಿನಾ ಬೇಕಾಗಲಿಲ್ಲ. ಪೆಟ್ಟಿಗೆಯ ಬಿಸಿಯನ್ನು ರಾತ್ರಿಯೂ ಇಳಿಸಬೇಡಿ ಅಂದರು, ತಣ್ಣಗಿದ್ದರೆ ಔಷಧಿಯೂ ಕೆಲಸ ಮಾಡುವುದಿಲ್ಲ, ಮೈಯೂ ಕಾಯಿಲೆ ಜೊತೆ ಹೋರಾಡುವುದಿಲ್ಲ. ಗುಂಡ ಮತ್ತೆ ಇಲಿ ಹಿಡಿದದ್ದು ಫೆಬ್ರವರಿಯಲ್ಲಿ.

ಔಷಧಿ ಕೊಟ್ಟರೂ ವಾಸಿಯಾಗದೆ ಮತ್ತೆ ಮತ್ತೆ ಬಂದರೆ ವೈರಸ್ ಇರಬಹುದು. ಪೈಥಾನ್‌ಗಳಲ್ಲಿ ಸರ್ಪೆಂಟೋವೈರಸ್ ಅನ್ನುವುದು ಹೀಗೇ ಉಸಿರಾಟಕ್ಕೆ ತೊಂದರೆ ಕೊಡುತ್ತದೆ. ಹೊಸ ಹಾವು ತಂದರೆ ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿ ಇಡಿ, ಹಳೆಯದನ್ನು ಮೊದಲು ನೋಡಿಕೊಂಡು ಆಮೇಲೆ ಹೊಸದನ್ನು ಮುಟ್ಟಿ.

ಕಣ್ಣು ಬೆಳ್ಳಗಾಗಿದೆ, ಮೈ ಬಣ್ಣ ಮಂಕಾಗಿದೆ. ಕುರುಡಾಯಿತಾ?

ಇಲ್ಲ, ಪೊರೆ ಬಿಡುತ್ತದೆ. ಕೆಲವು ದಿನ ಕಣ್ಣು ನೀಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ತಿಳಿಯಾಗುತ್ತದೆ, ಅದಾದ ಕೆಲವೇ ದಿನಕ್ಕೆ ಪೊರೆ ಕಳಚುತ್ತದೆ. ಆಗ ಸರಿಯಾಗಿ ಕಣ್ಣು ಕಾಣುವುದಿಲ್ಲ, ಹೆದರಿಕೆ ಜಾಸ್ತಿ, ಬುಸುಗುಟ್ಟಬಹುದು. ಮುಟ್ಟಬೇಡಿ, ಊಟ ಕೊಡಬೇಡಿ. ಒಂದೇ ಕಣ್ಣು ಬೆಳ್ಳಗಾಗಿದ್ದರೆ ಅಥವಾ ಊದಿದ್ದರೆ ಮಾತ್ರ ಅದು ಬೇರೆ ಸಮಸ್ಯೆ, ತೋರಿಸಿ.

ಪೊರೆ ತುಂಡು ತುಂಡಾಗಿ ಬಂತು. ಕಿತ್ತು ತೆಗೆಯಲಾ?

ಬೇಡ. ಚೆನ್ನಾಗಿರುವ ಹಾವು ಕಾಲುಚೀಲ ತಿರುವಿ ತೆಗೆದ ಹಾಗೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಪೊರೆ ಬಿಡುತ್ತದೆ. ತುಂಡಾಗಿ ಬಂದರೆ ಬಹಳ ಸಲ ಗಾಳಿಯಲ್ಲಿ ತೇವ ಸಾಲದು ಅಂತ ಅರ್ಥ. ನಮ್ಮಲ್ಲಿ ಮಳೆಗಾಲದಲ್ಲಿ ಈ ತೊಂದರೆ ಕಾಣುವುದಿಲ್ಲ, ಧಾರವಾಡದ ಜುಲೈನಲ್ಲಿ ಒಣಗಿದ ಬಟ್ಟೆಯೇ ಸಿಗುವುದಿಲ್ಲ. ಫೆಬ್ರವರಿಯಿಂದ ಮೇವರೆಗೆ ನೋಡಿ, ಗದಗದ ಕಡೆ ಇನ್ನೂ ಜಾಸ್ತಿ ಒಣ ಹವೆ. ಬಾಲ್ ಪೈಥಾನ್‌ಗೆ ತೇವ 50ರಿಂದ 60 ಪರ್ಸೆಂಟ್ ಬೇಕು, ಪೊರೆ ಬಿಡುವಾಗ 70ರ ಆಸುಪಾಸು.

ಒಂದು ಡಬ್ಬಿಗೆ ತೂತು ಮಾಡಿ, ಒಳಗೆ ಒದ್ದೆ ಮಾಡಿ ಹಿಂಡಿದ ಟವೆಲ್ ಹಾಕಿ, ಬೆಚ್ಚಗಿನ ಜಾಗದಲ್ಲಿ ಇಟ್ಟು ಹಾವನ್ನು ಅರ್ಧ ಗಂಟೆ ಬಿಡಿ. ಟವೆಲ್ ನಡುವೆ ಹರಿದಾಡುತ್ತಾ ಅದೇ ಕಳಚಿಕೊಳ್ಳುತ್ತದೆ.

ಬಿಟ್ಟ ಪೊರೆಯನ್ನು ಎಸೆಯುವ ಮೊದಲು ಎರಡು ಜಾಗ ನೋಡಿ. ತಲೆಯ ಭಾಗವನ್ನು ಬೆಳಕಿಗೆ ಹಿಡಿದರೆ ಎರಡು ಪುಟ್ಟ ಗುಂಡನೆಯ ಗಾಜಿನ ಹಾಗೆ ಕಣ್ಣಿನ ಪೊರೆ ಕಾಣಬೇಕು. ಅಲ್ಲಿ ತೂತಿದ್ದರೆ ಪೊರೆ ಹಾವಿನ ಕಣ್ಣಿನ ಮೇಲೇ ಉಳಿದಿದೆ. ಅದನ್ನು ಉಗುರಿನಿಂದಾಗಲಿ ಚಿಮಟದಿಂದಾಗಲಿ ಕೀಳಲು ಹೋಗಬೇಡಿ, ಕಣ್ಣೇ ಹೋಗುತ್ತದೆ. ಮುಂದಿನ ಪೊರೆಯ ಜೊತೆಗೂ ಬರದಿದ್ದರೆ ಡಾಕ್ಟರ್ ತೆಗೆಯಲಿ. ಎರಡನೆಯದು ಬಾಲದ ತುದಿ. ಅಲ್ಲಿ ಹಳೆ ಪೊರೆ ಉಂಗುರದ ಹಾಗೆ ಬಿಗಿದು ಕೂತರೆ ರಕ್ತ ಹೋಗದೆ ತುದಿ ಕಪ್ಪಾಗಿ ಒಣಗಿ ಬಿದ್ದು ಹೋಗುತ್ತದೆ.

ದಿನವಿಡೀ ನೀರಿನ ಬಟ್ಟಲಲ್ಲೇ ಕೂತಿರುತ್ತದೆ. ಸೆಕೆಗಾ?

ಏಪ್ರಿಲ್‌ನಲ್ಲಿ ಸೆಕೆಗೂ ಇರಬಹುದು, ಮೊದಲು ಮೀಟರ್ ನೋಡಿ. ಉಷ್ಣತೆ ಸರಿ ಇದ್ದೂ ನೀರು ಬಿಟ್ಟು ಏಳುತ್ತಿಲ್ಲ ಅಂದರೆ ಮೈಟ್ಸ್ ಹುಡುಕಿ. ಇವು ರಕ್ತ ಹೀರುವ, ಗಸಗಸೆಗಿಂತ ಚಿಕ್ಕ ಕಪ್ಪು ಹುಳ. ಗಲ್ಲದ ಕೆಳಗಿನ ಗೆರೆಯಲ್ಲಿ, ಕಣ್ಣಿನ ಸುತ್ತ, ಹುರುಪೆಗಳ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಅವನ್ನು ಮುಳುಗಿಸಲು ಪಾಪ, ಹಾವು ನೀರಲ್ಲಿ ಕೂರುತ್ತದೆ. ಒದ್ದೆ ಮಾಡಿದ ಬಿಳಿ ಟಿಶ್ಯೂ ಕಾಗದದಲ್ಲಿ ಹಾವನ್ನು ತಲೆಯಿಂದ ಬಾಲದ ಕಡೆಗೆ ಮೆಲ್ಲಗೆ ಒರೆಸಿ. ಕಪ್ಪು ಚುಕ್ಕೆ ಬಂತಾ, ಉಗುರಲ್ಲಿ ಒತ್ತಿ ನೋಡಿ, ಕೆಂಪು ಕಲೆ ಆದರೆ ಅನುಮಾನವೇ ಬೇಡ. ನೀರಿನ ಬಟ್ಟಲಿನ ತಳದಲ್ಲೂ ಸತ್ತ ಹುಳ ಕಾಣುತ್ತವೆ.

ಮಣ್ಣು, ಕೋಕೋಪೀಟ್ ಎಲ್ಲ ತೆಗೆದು ಕಟ್ಟಿ ಎಸೆದು, ಬರೀ ಕಾಗದ ಹಾಸಿ, ಪೆಟ್ಟಿಗೆಯ ಮೂಲೆ ಮೂಲೆ ಬಿಸಿ ನೀರಲ್ಲಿ ತೊಳೆಯಿರಿ. ಮೊಟ್ಟೆ ಸಂದಿಗೊಂದಿಯಲ್ಲಿ ಉಳಿದಿರುತ್ತದೆ, ಹಾಗಾಗಿ ಒಂದು ಸಲ ತೊಳೆದು ಬಿಟ್ಟರೆ ಆಗುವುದಿಲ್ಲ, ಕೆಲವು ವಾರ ಮಾಡಬೇಕು. ಹುಳಕ್ಕೆ ಔಷಧಿ ಡಾಕ್ಟರ್ ಹೇಳಿದ್ದೇ ಆಗಬೇಕು. ನಾಯಿಯ ಉಣ್ಣೆ ಪೌಡರ್, ಜಿರಳೆ ಸ್ಪ್ರೇ, ಹೊಲಕ್ಕೆ ಹೊಡೆಯುವ ಎಣ್ಣೆ, ಯಾವುದನ್ನೂ ಹಚ್ಚಬೇಡಿ. ಹುಳದ ಜೊತೆ ಹಾವೂ ಸಾಯುತ್ತದೆ.

ಬಾಯಿ ಪೂರ್ತಿ ಮುಚ್ಚುತ್ತಿಲ್ಲ, ತುಟಿ ಊದಿದೆ.

ಬಾಯಿ ಹುಣ್ಣಾಗಿರಬಹುದು. ಗಾಜಿಗೆ ಮೂತಿ ಉಜ್ಜಿ ಉಜ್ಜಿ ಗಾಯವಾಗಿ ಅಲ್ಲಿಂದ ಶುರುವಾಗುತ್ತದೆ. ವಸಡು ಕೆಂಪು, ಸಣ್ಣ ರಕ್ತದ ಚುಕ್ಕೆ, ಆಮೇಲೆ ಪನೀರಿನ ತುಣುಕಿನ ಹಾಗೆ ಗಟ್ಟಿ ಹಳದಿ ಕೀವು. ಹಾವಿನ ಕೀವು ನಮ್ಮದರ ಹಾಗೆ ಹರಿಯುವುದಿಲ್ಲ, ಗಟ್ಟಿಯಾಗಿ ಕೂರುತ್ತದೆ. ಬಿಟ್ಟರೆ ದವಡೆಯ ಎಲುಬಿಗೆ ಇಳಿಯುತ್ತದೆ. ಅರಿಶಿನ, ಜೇನುತುಪ್ಪ ಹಚ್ಚಿ ನೋಡೋಣ ಅಂತ ದಿನ ಕಳೆಯಬೇಡಿ.

ಹೊಟ್ಟೆಯ ಹುರುಪೆ ಕೆಂಪಗಾಗಿದೆ, ಕಂದು ಕಲೆ ಬಿದ್ದಿದೆ.

ಒಂದೋ ತಳ ಯಾವಾಗಲೂ ಒದ್ದೆ ಇರುವುದರಿಂದ ಹುರುಪೆ ಕೊಳೆಯುತ್ತಿದೆ, ಇಲ್ಲ ಪೆಟ್ಟಿಗೆಯನ್ನು ಕೆಳಗಿನಿಂದ ಬಿಸಿ ಮಾಡುವ ಹೀಟ್ ಮ್ಯಾಟ್ ಹೊಟ್ಟೆಯನ್ನು ಸುಟ್ಟಿದೆ. ಮೊದಲನೆಯದು ನಮ್ಮ ಮಳೆಗಾಲದ ಕಾಯಿಲೆ. ತೇವ ಬೇಕು ಅಂತ ದಿನಾ ನೀರು ಚಿಮುಕಿಸಿ ತಳವನ್ನು ಕೆಸರು ಮಾಡುತ್ತಾರೆ. ಗಾಳಿಯಲ್ಲಿ ತೇವ ಬೇಕು, ಹೊಟ್ಟೆಯ ಕೆಳಗೆ ಒಣಗಿರಬೇಕು. ಎರಡನೆಯದಕ್ಕೆ ಕಾರಣ ಥರ್ಮೋಸ್ಟ್ಯಾಟ್, ಅಂದರೆ ಬಿಸಿ ಮಿತಿ ಮೀರದ ಹಾಗೆ ನೋಡಿಕೊಳ್ಳುವ ಸಾಧನ, ಇಲ್ಲದ ಮ್ಯಾಟ್. ಕೆಳಗಿನಿಂದ ಸುಡುತ್ತಿದ್ದರೂ ಹಾವು ಎದ್ದು ಹೋಗದೆ ಅಲ್ಲೇ ಮಲಗಿರುತ್ತದೆ. ಮ್ಯಾಟ್ ತಗೊಂಡು ಥರ್ಮೋಸ್ಟ್ಯಾಟ್ ಆಮೇಲೆ ನೋಡೋಣ ಅನ್ನುವವರಿಗೆ ನಾನು ಕೈಮುಗಿದು ಹೇಳುತ್ತೇನೆ, ಎರಡನ್ನೂ ಒಟ್ಟಿಗೆ ಕೊಳ್ಳಿ.

ಗುಳ್ಳೆ ಎದ್ದಿದ್ದರೆ ಒಡೆಯಬೇಡಿ. ಒಣ ಕಾಗದದ ಮೇಲೆ ಬಿಟ್ಟು ಡಾಕ್ಟರಿಗೆ ತೋರಿಸಿ.

ತಲೆ ಅಲ್ಲಾಡಿಸುತ್ತದೆ, ತಿರುಚಿ ಆಕಾಶ ನೋಡುತ್ತದೆ.

ಬಾಲ್ ಪೈಥಾನ್‌ನಲ್ಲಿ ಸ್ಪೈಡರ್ ಅನ್ನುವ ಬಣ್ಣದ ತಳಿ ಇದೆ. ಅದಕ್ಕೆ ಹುಟ್ಟಿನಿಂದಲೇ ತಲೆ ನಡುಗುವ ತೊಂದರೆ ಇರುತ್ತದೆ, ಅದು ವಾಸಿಯಾಗುವುದಿಲ್ಲ. ಕೊಳ್ಳುವ ಮೊದಲೇ ಕೇಳಿ, ಆ ತಳಿ ಕೊಳ್ಳದಿರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬೇರೆ ಹಾವಿನಲ್ಲಿ ಇದು ಹೊಸದಾಗಿ ಶುರುವಾದರೆ ಮೆದುಳು ಅಥವಾ ನರದ ತೊಂದರೆ. ಜಾಸ್ತಿ ಬಿಸಿ ತಗುಲಿರಬಹುದು, ಕೀಟನಾಶಕದ ವಿಷ ಇರಬಹುದು, ಬೋವಾ ಮತ್ತು ಪೈಥಾನ್‌ಗಳಿಗೆ ಬರುವ ಐಬಿಡಿ ಅನ್ನುವ ವೈರಸ್ ಕಾಯಿಲೆಯೂ ಇರಬಹುದು. ಐಬಿಡಿಗೆ ಮದ್ದಿಲ್ಲ. ಹಾವನ್ನು ಮೆಲ್ಲಗೆ ಅಂಗಾತ ಮಾಡಿದರೆ ಚೆನ್ನಾಗಿರುವ ಹಾವು ತಕ್ಷಣ ಮಗುಚಿಕೊಳ್ಳುತ್ತದೆ. ಹಾಗೇ ಬಿದ್ದಿದ್ದರೆ ಅವತ್ತೇ ಹೊರಡಿ.

ಕಾಯಿಲೆ ಏನೂ ಕಾಣುತ್ತಿಲ್ಲ, ಆದರೆ ನೆಮ್ಮದಿಯಾಗಿಲ್ಲ. ಹಾವಿಗೂ ಟೆನ್ಷನ್ ಆಗುತ್ತಾ?

ಆಗುತ್ತದೆ. ರಾತ್ರಿಯಿಡೀ ಗಾಜಿನುದ್ದಕ್ಕೂ ಓಡಾಡುವುದು, ಮೂತಿ ಉಜ್ಜುವುದು, ಹತ್ತಿರ ಹೋದರೆ ಕತ್ತನ್ನು ಇಂಗ್ಲಿಷಿನ ಎಸ್ ಆಕಾರಕ್ಕೆ ಮಡಚಿ ಬುಸುಗುಟ್ಟುವುದು, ಯಾವಾಗಲೂ ಬಿಗಿಯಾಗಿ ಸುತ್ತಿಕೊಂಡೇ ಇರುವುದು. ಬಹಳ ಸಲ ಕಾರಣ ಸರಳ, ಅಡಗಲು ಜಾಗ ಇಲ್ಲ. ಬಿಸಿ ಬದಿಗೊಂದು, ತಂಪು ಬದಿಗೊಂದು, ಮೈ ಎರಡೂ ಕಡೆ ತಾಗುವಷ್ಟು ಇಕ್ಕಟ್ಟಾದ ಡಬ್ಬಿ ಬೇಕು. ಒಂದೇ ಡಬ್ಬಿ ಇದ್ದರೆ ಬೆಚ್ಚಗಿರಲಾ, ಅಡಗಿರಲಾ ಅಂತ ಒಂದನ್ನು ಬಿಡಬೇಕಾಗುತ್ತದೆ.

ಮನೆಗೆ ಬಂದವರೆಲ್ಲ ಎತ್ತಿಕೊಂಡು ಸೆಲ್ಫಿ ತೆಗೆಯುವುದನ್ನು ನಿಲ್ಲಿಸಿ. ಇನ್ನು ಗಣಪತಿ ಹಬ್ಬ. ಹಾವಿಗೆ ಹೊರಗಿನ ಕಿವಿ ಇಲ್ಲ, ಆದರೆ ದವಡೆಯ ಎಲುಬಿನಿಂದ ನಡುಕ ಗೊತ್ತಾಗುತ್ತದೆ, ದಪ್ಪ ಸದ್ದು ಗಾಳಿಯಲ್ಲೂ ತಿಳಿಯುತ್ತದೆ. ವಿಸರ್ಜನೆಯ ರಾತ್ರಿ ನಮ್ಮ ಓಣಿಯಲ್ಲಿ ಡಿಜೆ ಹೋಗುವಾಗ ಕಿಟಕಿಯ ಗಾಜು ಅದುರುತ್ತದೆ, ಪೆಟ್ಟಿಗೆಯ ನೀರಿನಲ್ಲಿ ಅಲೆ ಏಳುತ್ತದೆ. ಒಂದು ವರ್ಷ ಅದಾದ ಮೇಲೆ ಎರಡು ವಾರ ಗುಂಡ ಊಟ ಮುಟ್ಟಲಿಲ್ಲ. ಈಗ ಪೆಟ್ಟಿಗೆಯನ್ನು ಹಿಂದಿನ ಕೋಣೆಗೆ ಸಾಗಿಸಿ, ಕೆಳಗೆ ದಪ್ಪ ಕೌದಿ ಹಾಸಿ ಇಡುತ್ತೇವೆ.

ವಾಸನೆ, ಹೊಗೆಯೂ ಅಷ್ಟೇ. ಸೊಳ್ಳೆ ಬತ್ತಿ, ಲೋಬಾನ, ಫಿನಾಯಿಲ್, ಬಟ್ಟೆಗಿಡುವ ಡಾಂಬರ ಗುಳಿಗೆ, ಇವು ಯಾವುವೂ ಹಾವಿನ ಕೋಣೆಯಲ್ಲಿ ಬೇಡ.

ಪಂಚಮಿಗೆ ಹಾಲು ಎರೆಯುತ್ತೇವಲ್ಲ. ಸುಸ್ತಾದ ಹಾವಿಗೆ ಹಾಲು ಕುಡಿಸಬಹುದಾ?

ಕುಡಿಸಬೇಡಿ. ನಮ್ಮವ್ವನೂ ಮೊದಲ ವರ್ಷ ಬಟ್ಟಲು ಹಿಡಿದು ಬಂದಿದ್ದಳು. ಹಾವು ಸಸ್ತನಿ ಅಲ್ಲ, ಹಾಲು ಅದರ ಆಹಾರವೇ ಅಲ್ಲ, ಅದಕ್ಕೆ ಜೀರ್ಣವಾಗುವುದಿಲ್ಲ. ನೀರಿಲ್ಲದೆ ಒಣಗಿಸಿಟ್ಟ ಹಾವು ಹಾಲೂ ಕುಡಿಯುತ್ತದೆ, ಬಾಯಾರಿಕೆಗೆ. ಅದನ್ನು ನೋಡಿ ಜನ ಇಷ್ಟ ಅಂದುಕೊಳ್ಳುತ್ತಾರೆ. ಅವ್ವನಿಗೆ ಹೀಗೆ ಹೇಳಿದ ಮೇಲೆ ಕಲ್ಲು ನಾಗಪ್ಪನಿಗೆ ಹಾಲೆರೆದು, ಗುಂಡನಿಗೆ ಹೊಸ ನೀರು ಹಾಕುತ್ತಾಳೆ.

ನೀರು ಕಡಿಮೆಯಾದ ಹಾವಿನ ಚರ್ಮ ಚಿವುಟಿದ ಹಾಗೆ ಮಡಿಕೆ ಬೀಳುತ್ತದೆ, ಕಣ್ಣು ಒಳಗೆ ಹೋಗುತ್ತದೆ, ಬಾಯಿ ಅಂಟಂಟಾಗುತ್ತದೆ. ಕೈಗೆ ಬಿಸಿ ಅನ್ನಿಸದ ಉಗುರು ಬೆಚ್ಚಗಿನ ನೀರನ್ನು ಮೈಯ ಅರ್ಧಕ್ಕೆ ಬರುವಷ್ಟು ಹಾಕಿ ಹದಿನೈದು ನಿಮಿಷ ಬಿಡಿ. ಹತ್ತಿರವೇ ಕೂತಿರಿ.

ಮಲ ನೋಡಿ ಏನು ತಿಳಿಯುತ್ತದೆ?

ಕಂದು ಮಲದ ಜೊತೆ ಸುಣ್ಣದ ಹಾಗೆ ಬಿಳಿ ಗಟ್ಟಿ ಇರುತ್ತದೆ, ಅದು ಮೂತ್ರದ ಭಾಗ, ಹೆದರಬೇಡಿ. ನೀರು ನೀರಾದ, ಹಸಿರಾದ, ವಿಪರೀತ ನಾರುವ ಮಲ, ರಕ್ತ, ಹುಳ ಕಂಡರೆ ಹೊಸ ಮಲವನ್ನೇ ಸ್ವಚ್ಛ ಡಬ್ಬಿಯಲ್ಲಿ ಹಾಕಿ ಅದೇ ದಿನ ಕೊಡಿ. ಹುಳದ ಮೊಟ್ಟೆ ಇದೆಯಾ ಅಂತ ನೋಡಲು ಒಂದು ಮೈಕ್ರೋಸ್ಕೋಪ್ ಸಾಕು, ಹಾವಿನ ಡಾಕ್ಟರೇ ಆಗಬೇಕಂತಿಲ್ಲ.

ಯಾವುದಕ್ಕೆ ಬೆಳಗಾಗುವವರೆಗೂ ಕಾಯಬಾರದು?

ಬಾಯಿ ತೆರೆದೇ ಉಸಿರಾಡುವುದು. ಮಲದ್ವಾರದಿಂದ ಕೆಂಪು ಮಾಂಸ ಹೊರಗೆ ಬಂದು ಒಳಗೆ ಹೋಗದಿರುವುದು, ಅದು ಒಣಗದ ಹಾಗೆ ಸಲೈನ್‌ನಲ್ಲಿ ಒದ್ದೆ ಮಾಡಿದ ಬಟ್ಟೆ ಸುತ್ತಿ ಒಯ್ಯಿರಿ, ಕೈಯಿಂದ ತಳ್ಳಬೇಡಿ. ಅಂಗಾತ ಮಾಡಿದರೆ ಮಗುಚಿಕೊಳ್ಳದಿರುವುದು. ಸುಟ್ಟ ಗಾಯ. ಹೆಣ್ಣು ಹಾವು ಕೆಲವು ಮೊಟ್ಟೆ ಇಟ್ಟು, ಉಳಿದವು ಒಳಗೇ ಉಬ್ಬು ಕಾಣುತ್ತಾ ತಿಣುಕುತ್ತಿರುವುದು.

ನಮ್ಮ ಕಡೆ ಹಾವು ನೋಡುವ ಡಾಕ್ಟರ್ ಎಲ್ಲಿ ಸಿಗುತ್ತಾರೆ? ಒಯ್ಯುವುದು ಹೇಗೆ?

ಹಾವು ಚೆನ್ನಾಗಿರುವಾಗಲೇ ಹುಡುಕಿ. ಹತ್ತಿರದ ನಾಲ್ಕು ಪಶುವೈದ್ಯರಿಗೆ ಫೋನ್ ಮಾಡಿ, "ಹಾವು ನೋಡುತ್ತೀರಾ, ಇಲ್ಲದಿದ್ದರೆ ನೋಡುವವರನ್ನು ಫೋನಲ್ಲಿ ಕೇಳಿ ಚಿಕಿತ್ಸೆ ಮಾಡುತ್ತೀರಾ" ಅಂತ ನೇರವಾಗಿ ಕೇಳಿ. ಎರಡನೇ ಪ್ರಶ್ನೆಗೆ ಹೌದು ಅನ್ನುವವರು ಸಿಕ್ಕರೂ ಸಾಕು. ದೊಡ್ಡ ಪರೀಕ್ಷೆ ಬೇಕಾದರೆ ಬೆಂಗಳೂರು. ಹೆಬ್ಬಾಳದಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜು ಇದೆ, ಹಾವು ನೋಡುವ ಖಾಸಗಿ ಡಾಕ್ಟರುಗಳೂ ಇದ್ದಾರೆ. ಹುಬ್ಬಳ್ಳಿಯಿಂದ ನಾನೂರು ಕಿಲೋಮೀಟರ್ ದಾರಿ, ಮೊದಲೇ ಮಾತಾಡಿ ಹೊರಡಿ.

ಒಯ್ಯಲು ಹತ್ತಿಯ ತಲೆದಿಂಬಿನ ಗವಸು ಸಾಕು. ಹೊಲಿಗೆ ಹೊರಗೆ ಬರುವ ಹಾಗೆ ತಿರುವಿ, ಹಾವನ್ನು ಒಳಗೆ ಬಿಟ್ಟು, ಗವಸಿನ ಬಾಯಿಗೆ ಗಂಟು ಹಾಕಿ, ತೂತು ಮಾಡಿದ ಥರ್ಮಾಕೋಲ್ ಡಬ್ಬಿಯಲ್ಲಿ ಇಡಿ. ಚಳಿ ಇದ್ದರೆ ಬಿಸಿ ನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಕರೆಂಟ್ ಹೋದ ರಾತ್ರಿಗೂ ಇದೇ ಉಪಾಯ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ. ನೋಟ್‌ಬುಕ್ ಜೊತೆಗೆ ತಗೊಂಡು ಹೋಗಿ, ಸದ್ದು ಅಥವಾ ನಡುಕ ಇದ್ದರೆ ವಿಡಿಯೋ ಮಾಡಿಕೊಳ್ಳಿ. ಡಾಕ್ಟರ್ ಮುಂದೆ ಹಾವು ಅದನ್ನು ಮಾಡದೇ ಇರಬಹುದು.

ಹಾವಿಗೆ ಕಾಗದ ಪತ್ರ ಇಲ್ಲ. ಡಾಕ್ಟರ್ ಹತ್ತಿರ ಹೋದರೆ ತೊಂದರೆಯಾ?

ಈ ಹೆದರಿಕೆಯಿಂದಲೇ ಎಷ್ಟೋ ಹಾವು ಮುಚ್ಚಿಟ್ಟ ಕೋಣೆಯಲ್ಲಿ ಸಾಯುತ್ತವೆ. ಬಾಲ್ ಪೈಥಾನ್ ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರದ ಮೇಲೆ ನಿಗಾ ಇಡುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯ ನಂತರ ವನ್ಯಜೀವಿ ಕಾಯ್ದೆಯ ಅಡಿಯಲ್ಲೇ ಇಂಥ ಪ್ರಾಣಿಗಳನ್ನು ನೋಂದಾಯಿಸಬೇಕು. ಅದರ ನಿಯಮಗಳು 2024ರ ಫೆಬ್ರವರಿಯಲ್ಲಿ ಬಂದಿವೆ, ಅರ್ಜಿ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ. ಹೊಸದಾಗಿ ತಂದರೆ 30 ದಿನದೊಳಗೆ ಮಾಡಬೇಕು. ಮಾಡಿಸಿಕೊಂಡರೆ ಯಾರಿಗೂ ಹೆದರದೆ ಹಾವನ್ನು ಎತ್ತಿಕೊಂಡು ಹೋಗಬಹುದು.

ಕೇರೆ, ನಾಗರ, ನಮ್ಮ ಹೆಬ್ಬಾವು, ಎರಡು ತಲೆ ಹಾವು ಅಂತ ಕರೆಯುವ ಮಣ್ಣುಮುಕ್ಕ, ಇವನ್ನು ಸಾಕುವುದು 1972ರ ಅದೇ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಗಾಯಗೊಂಡದ್ದು ಸಿಕ್ಕರೆ ಮನೆಯಲ್ಲಿಟ್ಟು ಆರೈಕೆ ಮಾಡಲು ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ.

ಹಾವಿನ ಕಾಯಿಲೆ ನಮಗೆ ಅಂಟುತ್ತಾ?

ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬರಬಹುದು, ಚೆನ್ನಾಗಿ ಕಾಣುವ ಹಾವಿನಿಂದಲೂ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಪೆಟ್ಟಿಗೆಯ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ತೂಕದ ಡಬ್ಬಿ ಬೇರೆಯೇ ಇರಲಿ, ತಕ್ಕಡಿಯನ್ನೂ ಒರೆಸಿಡಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ಮುಟ್ಟದಿರುವುದೇ ವಾಸಿ.

ನಾಲ್ಕು ದಿನ ಊರಿಗೆ ಹೋಗಬೇಕು. ಮನೆಯವರಿಗೆ ಏನು ಹೇಳಿ ಹೋಗಲಿ?

ಊಟ ಹಾಕಿ ಅಂತ ಹೇಳಬೇಡಿ, ನಾಲ್ಕು ದಿನಕ್ಕೆ ಊಟ ಬೇಕಾಗಿಲ್ಲ. ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ: ಮೀಟರ್ ಎಷ್ಟು ತೋರಿಸಬೇಕು, ನೀರು ಬದಲಿಸಿ, ಮೂಗು ಒಣಗಿದೆಯಾ ನೋಡಿ, ಡಾಕ್ಟರ್ ನಂಬರ್. ಬಾಗಿಲ ಚಿಲಕ ಹಾಕುವುದನ್ನೂ ಬರೆಯಿರಿ.

ಹಾವೇರಿಯ ಮದುವೆಯ ಆ ರಾತ್ರಿ ಆದ ಮೇಲೆ ನಾನು ಇದನ್ನು ಬಿಟ್ಟಿಲ್ಲ. ಗುಂಡ ಬಂದ ಹೊಸದರಲ್ಲಿ ಅವ್ವ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಹೋದ ತಿಂಗಳು ನಾನು ಕೆಲಸದ ಮೇಲೆ ಬೆಳಗಾವಿಯಲ್ಲಿದ್ದೆ. ರಾತ್ರಿ ಒಂಬತ್ತಕ್ಕೆ ಅವಳೇ ಫೋನ್ ಮಾಡಿದಳು. "ಮೀಟರ್ ಮೂವತ್ತೆರಡ ತೋರಸಾಕತ್ತೈತಿ. ಮೂಗ ಒಣಾ ಐತಿ. ಟಾರ್ಚ್ ಹಾಕಿ ನೋಡೇನಿ, ಗುಳ್ಳಿ ಏನೂ ಇಲ್ಲ. ನಾಲಗಿ ಹೊರಗ ಹಾಕಿ ನನ್ನ ನೋಡಾಕತ್ತಾನ."